ಗೋಲ್‌ಕೀಪರ್ ಮೇಷ್ಟ್ರಿಗೆ ಎಷ್ಟು ಮಾರ್ಕ್ಸು?

ಕಳೆದ ಭಾನುವಾರ ನನ್ನ ಮೊಮ್ಮಗಳು ನಾಲ್ಕು ಗೋಲು ಬಿಟ್ಟುಕೊಟ್ಟಳು. ಆನೇಮಹಲ್‌ನಿಂದ ಪಾಳ್ಯಕ್ಕೆ ಬರುವಷ್ಟರಲ್ಲಿ ಬಸ್ಸಿನಲ್ಲಿದ್ದವರಿಗೆಲ್ಲ ಅದನ್ನೇ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ದುಃಖಕ್ಕಲ್ಲ ಸ್ವಾಮಿ, ಖುಷಿಗೆ!

ಅಜ್ಜಿಗೆ ತಲೆ ಕೆಟ್ಟಿದೆ ಅಂದಿರಾ? ತಾಳಿ.

ಸಿಂಚನ ನಮ್ಮ ಹುಡುಗಿಯರ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಕೀಪರ್‌ಗಳಿಗೆ ಮಾತ್ರ ಕಲಿಸಲು ಬೇರೆ ಕೋಚ್ ಇದ್ದಾರೆ, ಬಶೀರ್ ಸಾಬ್ರು. ಹಗಲೆಲ್ಲ ಕಾಫಿ ಲಾರಿ ಓಡಿಸುತ್ತಾರೆ, ಸಂಜೆ ಮೈದಾನಕ್ಕೆ ಬಂದು ಬಾಲ್ ಎಸೆಯುತ್ತಾರೆ. (ಒಬ್ಬಳು ನಿಲ್ಲುವ ಜಾಗಕ್ಕೊಬ್ಬ ಮೇಷ್ಟ್ರು ಯಾಕೆ ಅಂತ ಮೊದಲು ನಾನೂ ನಕ್ಕವಳೇ.)

ಮ್ಯಾಚ್ ಮುಗಿದದ್ದೇ ತಡ, ಕ್ಲಬ್ಬಿನ ಪ್ರೆಸಿಡೆಂಟ್ ಲೋಕೇಶ್ ಗೌಡರು ಮೈದಾನದಲ್ಲೇ ಮೀಟಿಂಗ್ ಶುರು ಮಾಡಿದರು.

"ನಾಲ್ಕು ಗೋಲು ಕಣ್ರೀ! ಏನ್ ಕಲ್ಸವ್ರೆ ಇವ್ರು? ಮುಂದಿನ ವಾರದಿಂದ ಬ್ಯಾರೆ ಕೋಚು."

ಬಶೀರ್ ಗ್ಲೌಸುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು. ಸಿಂಚನ ನನ್ನ ಸೆರಗು ಹಿಡಿದಳು. "ಅಜ್ಜಿ, ಸಾರ್ ಹೋದ್ರೆ ನಾನೂ ಆಡಲ್ಲ."

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮೂವತ್ತು ವರ್ಷ ಎಸ್ಟೇಟಿನಲ್ಲಿ ಕಾಫಿ ಗಿಡದ ಬೇಡದ ಚಿಗುರು ಚಿವುಟಿದವಳು. ಚಿವುಟಿದ ದಿನ ಗಿಡ ಬೋಳು ಬೋಳು, ನೋಡಲಾಗದು. ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ರೈಟರ್ ಆವತ್ತು ಹೊಗಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ವರ್ಷವರ್ಷವೂ ಗಿಡಗಳ ಅದೇ ಸಾಲನ್ನು ಅದೇ ಹೆಂಗಸಿಗೆ ಕೊಡುತ್ತಿದ್ದರು. ಮುಂದಿನ ಫಸಲಿನ ಹೊತ್ತಿಗೆ ಬಂದು ನಿಂತು, "ಇದು ಯಾರ ಸಾಲು?" ಅನ್ನುತ್ತಿದ್ದರು. ನಮ್ಮ ಪರೀಕ್ಷೆ, ರಿಸಲ್ಟು ಎರಡೂ ಅದೇ.

ಹಾಗಾಗಿ ಬಾಯಿ ಸುಮ್ಮನಿರಲಿಲ್ಲ.

"ಗೌಡ್ರೇ, ಗೋಲು ಆಮೇಲೆ ಎಣಿಸ್ರಿ. ಮೊದ್ಲು ಅವ್ರ ಸಾಲು ನೋಡ್ರಿ. ಇವ್ಳಿಗಿಂತ ಮುಂಚೆ ಇದ್ದ ಫಿಲೋಮಿನಾ ಎಲ್ಲವ್ಳೆ? ಜಿಲ್ಲಾ ಟೀಮಲ್ಲಿ. ಇವ್ಳು ಹೋದ್ ವರ್ಷ ಬಾಲ್ ಬಂದ್ರೆ ಕಣ್ ಮುಚ್ಕಂಡು ಕಂಬ ತಬ್ಕತಿದ್ಲು. ಇವತ್ತು?"

"ಇವತ್ತು ನಾಲ್ಕು ಬುಟ್ಳು!"

"ಹನ್ನೊಂದು ಹಿಡಿದ್ಲಲ್ಲ, ಅದನ್ಯಾರು ನೋಡಿದ್ರು? ಹೋಗ್ಲಿ, ನೀವೇ ಒಂದು ಹೊಡೀರಿ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಗೌಡರಿಗೆ ಹಿಂದೆ ಸರಿಯುವುದು ಹೇಗೆ? ಪ್ಯಾಂಟು ಮಡಚಿ, ಬಾಲನ್ನು ತಳ್ಳಿಕೊಂಡು ಓಡಿದರು. ಸಿಂಚನ ಗೋಲಿನೊಳಗೆ ಕಾಯುತ್ತ ನಿಲ್ಲಲಿಲ್ಲ. ಎದುರಿಗೇ ನುಗ್ಗಿ, ಅವರ ಕಾಲ ಬುಡದಲ್ಲೇ ಬಿದ್ದು ಬಾಲನ್ನು ತಬ್ಬಿಕೊಂಡಳು. ಕಣ್ಣು ಬಿಟ್ಟೇ ಇತ್ತು! ಗೌಡರು ಹಾರಿ, ತಪ್ಪಿ, ಕೆಸರಲ್ಲಿ ಕೂತರು.

ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು.

ದೊಡ್ಡವರ ಎದುರು ಬಾಯಿಯೇ ಬಿಡದಿದ್ದ ನನ್ನ ಮೊಮ್ಮಗಳು ಕೈ ನೀಡಿದಳು. "ಏಳಿ ಅಂಕಲ್. ಬಾಲ್ ಜಾಸ್ತಿ ಮುಂದೆ ಬಿಟ್‌ಬುಟ್ರಿ, ಅದಕ್ಕೇ ಸಿಕ್ತು."

ಗೌಡರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು! "ಅಯ್ಯೋ, ನಂಗೇ ಕೋಚಿಂಗ್ ಕೊಡ್ತಳಲ್ಲ ಮಾರಾಯ! ಬಶೀರಣ್ಣ, ಚೀಲ ಬಿಚ್ಚಿ. ಎಲ್ಲೂ ಹೋಗಂಗಿಲ್ಲ ನೀವು."

ಬಶೀರ್ ಗ್ಲೌಸು ಹೊರಗೆ ತೆಗೆದರು. ನನಗೆ ಅಲ್ಲೇ ಕುಣಿಯುವ ಆಸೆ. (ಮಂಡಿ ಒಪ್ಪಲಿಲ್ಲ.)

ಮೇಷ್ಟ್ರ ಸಾಲನ್ನೇನೋ ನೋಡಿದ್ದಾಯಿತು. ಗೌಡರು ಪ್ರೆಸಿಡೆಂಟಾಗಿ ಆರು ವರ್ಷ, ಅವರ ಸಾಲು ಯಾವುದು?