ಆ ಸಂಜೆಯ ಪಂಚಮ

ಕಣ್ಣಿಗೆ ಕಾಣದ್ದರ ಬಗ್ಗೆ ಯಾರಾದರೂ ಕಥೆ ಹೇಳಿದರೆ ಮುಖ ತಿರುಗಿಸಿ ನಗುವ ಪೈಕಿ ನಾನು. ಸಂಗೀತ ಪಾಠ ಹೇಳುವವಳಾದ್ದರಿಂದ ನನ್ನ ಕಿವಿಯ ಮೇಲೆ ಜಂಬವೂ ಇತ್ತು. ಕೆಲವು ವರ್ಷಗಳ ಹಿಂದೆ ಶಂಕರಪುರದ ನಮ್ಮ ಮನೆಯಲ್ಲಿ ನಡೆದದ್ದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸಂಜೆ ಶಿಷ್ಯೆ ವನಿತಾಗೆ ಪಾಠ ನಡೆದಿತ್ತು. ಬ್ಯಾಂಕಿನ ಕೆಲಸ ಮುಗಿಸಿ ಬರುವ ಆಕೆ ಪಾಠವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನುಡಿಯುತ್ತಿತ್ತು. ಇದ್ದಕ್ಕಿದ್ದಂತೆ ಅದರ ಪಂಚಮ ಸ್ವರ ಕೂದಲೆಳೆಯಷ್ಟು ಇಳಿದು, ಒಳಗೇ ಏನೋ ಅದುರಿದಂತೆ ಕೇಳಿಸಿತು. ತಂತಿಯೇ ಇಲ್ಲದ ಪೆಟ್ಟಿಗೆ ಇಳಿಯುವುದು ಹೇಗೆ? ಶ್ರುತಿ ಕೆಟ್ಟಿದೆ ಎಂದು ರೇಗಿದೆ.

"ಸರಿಯಾಗೇ ಇದ್ಯಲ್ಲ ಮೇಡಂ," ಎಂದಳು ವನಿತಾ.

ಶ್ರುತಿ ಒರಟಾದರೆ ಮೊದಲು ಮನೆಯಲ್ಲಿ ಗುಂಯ್ ಎನ್ನುವುದನ್ನೆಲ್ಲ ಆರಿಸಿ ನೋಡಬೇಕು ಎಂದು ನನ್ನ ಗುರುಗಳು ಕಲಿಸಿದ್ದರು. ಫ್ಯಾನ್ ನಿಲ್ಲಿಸಿದೆ. ಅಡುಗೆಮನೆಯ ಫ್ರಿಡ್ಜ್ ಆರಿಸಿದೆ. ಒರಟು ಹೋಗಲಿಲ್ಲ. ಉಳಿದದ್ದು ಬಚ್ಚಲಿನ ಗ್ಯಾಸ್ ಗೀಸರ್. ನಮ್ಮತ್ತೆ ಸ್ನಾನಕ್ಕೆ ಹೋಗಿದ್ದರು. ಚಳಿ ಎಂದರೆ ಅವರಿಗಾಗದು, ಕಿಟಕಿಯನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಒಂದು ನಿಮಿಷ ಗೀಸರ್ ನಿಲ್ಲಿಸಿ ಎನ್ನಲು ಕದ ತಟ್ಟಿದೆ. ಉತ್ತರವಿಲ್ಲ. ಕೂಗಿದೆ. ಇಲ್ಲ. ವನಿತಾಳೂ ನಾನೂ ಭುಜ ಕೊಟ್ಟು ತಳ್ಳಿದೆವು, ಚಿಲಕ ಕಿತ್ತು ಬಂತು. ಅತ್ತೆ ಎಚ್ಚರ ತಪ್ಪಿ ನೆಲದ ಮೇಲೆ ಬಿದ್ದಿದ್ದರು.

ಮುಚ್ಚಿದ ಬಚ್ಚಲಲ್ಲಿ ತುಂಬಿಕೊಳ್ಳುವ ಗೀಸರಿನ ವಿಷಗಾಳಿಗೆ ವಾಸನೆಯೇ ಇರುವುದಿಲ್ಲವಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನನ್ನ ಪಾಠವನ್ನು ಒಂದು ದಿನವೂ ಕೂತು ಕೇಳದ ಅತ್ತೆ, ಈಗ ಬಂದವರಿಗೆಲ್ಲ ಸಂಗೀತವೇ ತಮ್ಮನ್ನು ಉಳಿಸಿತು ಎಂದು ಹೇಳಿಕೊಳ್ಳುತ್ತಾರೆ.

ಅವರು ಚೇತರಿಸಿಕೊಂಡ ಮೇಲೆ ವನಿತಾಳ ರೆಕಾರ್ಡಿಂಗ್ ಕೇಳಿದೆ. ಪಂಚಮ ಅಪ್ಪಟವಾಗಿದೆ, ಅದರ ಮೇಲೆ ನನ್ನ ದನಿ ಸುಮ್ಮನೆ ರೇಗುತ್ತಿದೆ. ಗೀಸರ್ ತೆಗೆಸುವ ಮುನ್ನ ಕಿಟಕಿ ಬಾಗಿಲು ತೆರೆದಿಟ್ಟು, ಅದನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಹಚ್ಚಿ ನೋಡಿದೆ. ಏನೂ ಇಲ್ಲ. ನನ್ನ ಕಿವಿಯೇ ತಪ್ಪು ಕೇಳಿತು ಎನ್ನಬೇಕು. ಆ ತಪ್ಪಿಗೆ ನಾನು ಜನ್ಮವಿಡೀ ಋಣಿ. ಯಾರಿಗೆ ಕೈಮುಗಿಯಬೇಕೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಅತ್ತೆ ಸ್ನಾನಕ್ಕೆ ಹೋದರೆ ಈಗ ಪಾಠ ನಿಲ್ಲಿಸಿಬಿಡುತ್ತೇನೆ.

"ನಾನು ನೀರ್ ಹಾಕ್ಕೊಂಡ್ರೆ ನಿನ್ ಸಂಗೀತ ಯಾಕೆ ನಿಲ್ಬೇಕೇ?" ಎಂದು ಒಳಗಿನಿಂದಲೇ ಗೊಣಗುತ್ತಾರೆ.

ನಾನು ಬಚ್ಚಲಿನ ಕದಕ್ಕೆ ಕಿವಿಗೊಟ್ಟು ನಿಲ್ಲುತ್ತೇನೆ. ಅವರು ಇನ್ನಷ್ಟು ಗೊಣಗಲಿ ಎಂದು ಕಾಯುತ್ತೇನೆ.