ಹೆಲಿಕಾಪ್ಟರ್ ಮಾಷ್ಟ್ರಿಗೆ ಬೆಲ್ಲ ನೀರು

ಮೊನ್ನೆ ಹೊಲಿಗೆ ಮಿಷನ್ನಿನ ಜಿಡ್ಡು ತೆಗೆಯಲು ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತೆರೆದೆ. ಆ ವಾಸನೆಗೆ ನಮ್ಮ ಡ್ರಿಲ್ ಮಾಷ್ಟ್ರು ನೆನಪಾದರು... ನೌಕಾಪಡೆ ಸೇರಿದ್ದ ಅಣ್ಣ ರಜೆಯಲ್ಲಿ ಬಂದಾಗಲೆಲ್ಲ ಅವನ ಅಂಗಿಯನ್ನು ಮೂಗಿಗೆ ಹಿಡಿದು, "ಇದ್ ನಮ್ ಶೆಡ್ಡಿನ್ ವಾಸ್ನಿಯೇ ಕಾಣಿ!" ಎಂದು ಹಿಗ್ಗುತ್ತಿದ್ದ ಮನುಷ್ಯ.

ತೆಕ್ಕಟ್ಟೆಯವರು. ನೌಕಾಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು, ಒಂದು ಕಿವಿ ಮಂದವಾದ ಮೇಲೆ ಬಿಟ್ಟು ಬಂದು ಕೊಕ್ಕರ್ಣೆಯ ನಮ್ಮ ಶಾಲೆಗೆ ಸೇರಿದ್ದರು. ಡ್ರಿಲ್ಲಿಗಿಂತ ಕಥೆಯೇ ಹೆಚ್ಚು. ಮೊದಮೊದಲು ಬೆರಳೆಣಿಕೆಯ ಹೆಲಿಕಾಪ್ಟರುಗಳಿದ್ದದ್ದು, ಕಲಿಸುವವರೂ ಕಲಿಯುವವರೂ ಒಂದೇ ತಗಡಿನ ಶೆಡ್ಡಿನಲ್ಲಿ ಬೆವರಿದ್ದು, ಮುಂದೆ ತರಬೇತಿಗೆಂದೇ ಬೇರೆ ಸ್ಕ್ವಾಡ್ರನ್ ಆಗಲಿದೆಯೆಂಬುದು... "ಮುಂದೆ ಹಾರುದ್ ಸುಲ್ಬ ಮಕ್ಳೆ, ಗಾಳಿಯಲ್ಲ್ ಒಂದೇ ಜಾಗ್ದಲ್ಲ್ ನಿಲ್ಲುದೇ ಕಷ್ಟ" ಎನ್ನುತ್ತಿದ್ದರು. ಬಾಯಿ ಬಿಟ್ಟುಕೊಂಡು ಕೇಳಿದವರಲ್ಲಿ ಅಣ್ಣನೇ ಮುಂದು.

ಅಣ್ಣನನ್ನು ನೌಕಾಪಡೆಗೆ ಕಳುಹಿಸಲು ಅಮ್ಮನಿಗೆ ಸುತರಾಂ ಮನಸ್ಸಿರಲಿಲ್ಲ. ಅಪ್ಪ ಇಲ್ಲದ ಮನೆ, ಇದ್ದೊಬ್ಬ ಗಂಡುಮಗ. ಮಾಷ್ಟ್ರು ನಮ್ಮಲ್ಲಿ ಜಗಲಿಯಲ್ಲಿ ಕೂತವರೇ ಅಲ್ಲ. ನೇರ ಅಡುಗೆಮನೆಗೆ ಬಂದು ತಾವೇ ಮಣೆ ಹಾಕಿಕೊಂಡು ಗಂಜಿ ಉಣ್ಣುವವರು. ಅಂದೂ ಹಾಗೆಯೇ ಉಣ್ಣುತ್ತಾ, "ಹೆದ್ರ್‌ಬೇಡಿ ಅಕ್ಕ, ಅವ್ನ್ ಜವಾಬ್ದಾರಿ ನಂದ್" ಅಂದರು. ಅಮ್ಮ ನಂಬಿದಳು.

ಆಮೇಲೆ ತರಬೇತಿ ಸ್ಕ್ವಾಡ್ರನ್ ನಿಜವಾಗಿಯೂ ಶುರುವಾಯಿತು. ಮೆಕ್ಯಾನಿಕ್ ಆಗಿದ್ದ ಅಣ್ಣನನ್ನು ಅಲ್ಲಿಗೇ ಹಾಕಿದರು. ಸುದ್ದಿ ಕೇಳಿ ಮಾಷ್ಟ್ರು ಶಾಲೆಗೆಲ್ಲ ಮಿಠಾಯಿ ಹಂಚಿದರು. ಒಂದು ವರ್ಷವೂ ಕಳೆದಿರಲಿಲ್ಲ, ತಂತಿ ಬಂತು. ಅವನು ಹತ್ತಿದ್ದ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದಿತ್ತು. ಸುಡಲು ನಮಗೆ ಹೆಣವೂ ಸಿಗಲಿಲ್ಲ.

ಮಾಷ್ಟ್ರು ಬಂದರು. ಅಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಜಗಲಿಗೆ ಕುರ್ಚಿ ತಂದಿಟ್ಟು, ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಳು. "ತಕಣಿ ಮಾಷ್ಟ್ರೇ, ಬಿಸ್ಲಲ್ಲ್ ಬಂದ್ರಿ." ನಮ್ಮ ಕಡೆ ಹೊರಗಿನಿಂದ ಬಂದ ಯಾರಿಗಾದರೂ ಕೊಡುವ ಮರ್ಯಾದೆ ಅದು. ಅವರಿಗೆ ನಮ್ಮ ಮನೆಯಲ್ಲಿ ಅದೇ ಮೊದಲು.

ಮತ್ತೂ ಬಂದರು. ಪ್ರತಿ ಸಲವೂ ಅದೇ ಕುರ್ಚಿ, ಅದೇ ಬೆಲ್ಲ. ಅವರನ್ನು ಒಳಗೆ ಕರೆಯಲು ನಾನು ಯಾರು? ಕೊನೆಗೊಂದು ದಿನ ಅವರೇ ಕೈಮುಗಿದು, "ಅಕ್ಕಾ, ಒಂದ್ಸಲ ಬೈದ್‌ಬಿಡಿ. ಎರಡ್ ಪೆಟ್ಟ್ ಬೇಕಾರೂ ಹೊಡ್ದ್‌ಬಿಡಿ" ಎಂದರು.

ಅಮ್ಮ ಸೆರಗು ಸರಿಮಾಡಿಕೊಂಡಳು. "ಬೈಯುಕೆ ನೀವೆಂತ ನಮ್ ಮನಿಯರಾ ಮಾಷ್ಟ್ರೇ?"

ಅವರಿಗೆ ಒಂದೇ ಕಿವಿ ಕೇಳುತ್ತಿದ್ದದ್ದು. ಆ ಮಾತು ಮಾತ್ರ ಸರಿಯಾಗಿ ಕೇಳಿಸಿತು. ಎದ್ದು ಹೋದವರು ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ. ವರ್ಗ ಮಾಡಿಸಿಕೊಂಡು ತಮ್ಮೂರು ತೆಕ್ಕಟ್ಟೆಗೆ ಹೋದರಂತೆ.

ಅಮ್ಮ ಹೋಗಿಯೂ ಎಷ್ಟೋ ಕಾಲವಾಯಿತು. ಕೊನೆಯವರೆಗೂ ಅವಳ ಬಾಯಲ್ಲಿ ಮಾಷ್ಟ್ರ ಸುದ್ದಿ ಬರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು, ತೆಕ್ಕಟ್ಟೆಯಲ್ಲಿರುವ ಗೆಳತಿಗೆ ಫೋನು ಮಾಡಿ ವಿಚಾರಿಸಿದೆ. ಮಾಷ್ಟ್ರು ತೀರಿಹೋಗಿ ನಾಲ್ಕು ವರ್ಷವಾಯಿತಂತೆ. "ನಿಮ್ಗ್ಯಾರೂ ಹೇಳ್ಲಿಲ್ಯಾ?" ಎಂದಳು.

ಯಾಕೆ ಹೇಳುತ್ತಾರೆ... ನಾವೇನು ಅವರ ಮನೆಯವರೇ?