ಕಬ್ಬಿಣದ ಸೇತುವೆ ಮತ್ತು ನಮ್ಮ ಡ್ರೈವರ್ ಕಾಕಾ

ನಮ್ಮೂರಿಂದ ಧಾರವಾಡಕ್ಕೆ ಹೋಗುವ ಬಸ್ಸಿನ ಡ್ರೈವರ್ ನಮ್ಮ ಓಣಿಯವರೇ, ಊರಿಗೆಲ್ಲ ಕಾಕಾ. ದಾರಿಯಲ್ಲಿ ಹಳ್ಳದ ಮೇಲೆ ಬ್ರಿಟಿಷರ ಕಾಲದ ಕಬ್ಬಿಣದ ಸೇತುವೆ ಇತ್ತು. ಎರಡೂ ಬದಿಗೆ ತೊಲೆಗಳನ್ನು ಓರೆಯಾಗಿ ಹೆಣೆದಿದ್ದರು. ಎತ್ತಿನ ಬಂಡಿಗಳಿಗೆಂದು ಕಟ್ಟಿದ್ದು. ಬಸ್ಸು ಹೊಕ್ಕರೆ ಎದುರಿನವರು ಆಚೆಯೇ ನಿಲ್ಲಬೇಕು. ಆದರೆ ಯಾವಾಗಲೂ ನಿಲ್ಲುತ್ತಿದ್ದವರು ಕಾಕಾ. ಆಚೆ ಒಂದು ಸೈಕಲ್ ಕಂಡರೂ ಕಿಟಕಿಯಿಂದ ಕೈ ಚಾಚಿ ಕರೆಯುತ್ತಿದ್ದರು. ಅವಸರದವರು ಗೊಣಗಿದರೆ, "ಅವ್ರು ಮದ್ಲ ಬರ್ಲಿ ಬಿಡ್ರಿ" ಅನ್ನುತ್ತಿದ್ದರು. ದಾಟಿ ಬಂದವರು ಒಂದು ಕೈ ಎತ್ತಿ ಹೋಗುವುದು ಅಲ್ಲಿಯ ರೂಢಿ.

ಆಮೇಲೆ ಪಕ್ಕದಲ್ಲೇ ಅಗಲವಾದ ಹೊಸ ಸೇತುವೆ ಬಂತು. ಹಳೆಯದನ್ನು ಗ್ಯಾಸಿನಿಂದ ಕತ್ತರಿಸಿ ಲಾರಿಗೆ ಹೇರಿದರು. ಕಾಕಾ ಹೊಸ ಸೇತುವೆಯ ಬಾಯಲ್ಲೂ ಬಸ್ಸು ನಿಲ್ಲಿಸುತ್ತಿದ್ದರು.

"ಎರಡು ಬಸ್ ಹೋಗೂವಷ್ಟು ಜಗಾ ಐತಲ್ರಿ ಕಾಕಾ," ಅಂದೆ ಒಮ್ಮೆ.

"ಗೊತ್ತೈತೋ ತಮ್ಮಾ. ಕಾಲು ತಾನ ಬ್ರೇಕ್ ಮ್ಯಾಲೆ ಹೋಗತೈತಿ," ಅಂದರು. ಕಣ್ಣು ಮಾತ್ರ ಹಳ್ಳದಲ್ಲಿ ಬರಿದೇ ನಿಂತಿದ್ದ ಹಳೆಯ ಕಲ್ಲುಕಂಬಗಳ ಮೇಲಿತ್ತು.

ಕಳೆದ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವರ ದೇಹವನ್ನು ಊರಿಗೆ ತಂದೆವು. ಆಂಬುಲೆನ್ಸಿನಲ್ಲಿ ನಾನು ಮುಂದೆ ಕೂತಿದ್ದೆ. ಸೇತುವೆಯ ಆಚೆ ತುದಿಯಲ್ಲಿ ಅವರದೇ ಬಸ್ಸು ನಿಂತಿತ್ತು. ದಾರಿ ಅಷ್ಟು ಅಗಲವಿದ್ದರೂ, ಹೊಸ ಡ್ರೈವರ್ ಕಿಟಕಿಯಿಂದ ಕೈ ಚಾಚಿ ನಮ್ಮನ್ನು ಮೊದಲು ಬರಲು ಕರೆಯುತ್ತಿದ್ದ. ನಾವು ದಾಟಿ ಬಂದೆವು.

ಕಾಕಾನ ಪರವಾಗಿ ನಾನೊಂದು ಕೈ ಎತ್ತಬೇಕಿತ್ತು ಎಂಬುದು ಹೊಳೆದದ್ದು ಊರ ಅಗಸಿಬಾಗಿಲ ಹತ್ತಿರ ಬಂದಮೇಲೆ.